ರೋಬೋಟ್ ಕೈಗೆ ಚಾಕು ಕೊಟ್ಟರೆ ಉತ್ತರ ಹೇಳುವವರು ಯಾರು?

ಕಳೆದ ಬೇಸಿಗೆ ರಜೆಯಲ್ಲಿ ನಾನು ಉಪ್ಪ ಮತ್ತು ವಲ್ಯುಮ್ಮನ ಜೊತೆ ನಗರದ ಒಂದು ದೊಡ್ಡ ಆಸ್ಪತ್ರೆಗೆ ಹೋಗಿದ್ದೆ. ವಲ್ಯುಮ್ಮ ಎಂದರೆ ನಮ್ಮ ಅಜ್ಜಿ. ನಲವತ್ತು ವರ್ಷ ತೋಟದ ಏರು ಹತ್ತಿ ಇಳಿದ ಕಾಲು ಅವರದು. ಎರಡು ವರ್ಷದಿಂದ ಮಂಡಿ ನೋವು ಎಷ್ಟಿತ್ತೆಂದರೆ ನಮಾಝನ್ನೂ ಕುರ್ಚಿಯಲ್ಲಿ ಕುಳಿತೇ ಮಾಡುತ್ತಿದ್ದರು. ಎಕ್ಸ್‌ರೇ ನೋಡಿದ ಡಾಕ್ಟರು ಮಂಡಿ ಕೀಲು ಬದಲಿಸಬೇಕು ಎಂದರು.

ಆಮೇಲೆ ಕೆಳಗಿನ ಕೌಂಟರಿನಲ್ಲಿ ಒಬ್ಬರು ನಮ್ಮ ಮುಂದೆ ಎರಡು ಹಾಳೆ ಇಟ್ಟರು. ಒಂದು ಸಾಮಾನ್ಯ ಪ್ಯಾಕೇಜ್, ಇನ್ನೊಂದು ರೋಬೋಟಿಕ್ ಪ್ಯಾಕೇಜ್. ಎರಡನೆಯದಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಹಣ ಜಾಸ್ತಿ. "ರೋಬೋಟ್ ಮಾಡಿದರೆ ತಪ್ಪೇ ಆಗುವುದಿಲ್ಲ" ಎಂದು ಅವರು ಹೇಳಿದರು. ಸಹಿ ಮಾಡಬೇಕಿದ್ದ ಫಾರಂ ಪೂರ್ತಿ ಇಂಗ್ಲಿಷಿನಲ್ಲಿತ್ತು. ಉಪ್ಪ ಓದಿದ್ದು ಕನ್ನಡ ಶಾಲೆಯಲ್ಲಿ ಏಳನೇ ತರಗತಿವರೆಗೆ. ಅವರು ನನ್ನ ಮುಖ ನೋಡಿದರು. ನಾನು ವಿಜ್ಞಾನ ವಿಭಾಗದ ವಿದ್ಯಾರ್ಥಿನಿ, ಆದರೂ ನನಗೂ ಏನೂ ತಿಳಿಯಲಿಲ್ಲ. ಆಗ ವಲ್ಯುಮ್ಮ ಮೆಲ್ಲಗೆ ಕೇಳಿದರು: "ಮೋಳೇ, ಡಾಕ್ಟರು ತಪ್ಪು ಮಾಡಿದರೆ ಡಾಕ್ಟರನ್ನು ಕೇಳಬಹುದು. ಯಂತ್ರ ತಪ್ಪು ಮಾಡಿದರೆ ಯಾರನ್ನು ಕೇಳುವುದು?"

ಈ ಲೇಖನ ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ. ಪಿಯುಸಿ ಮುಗಿಸಿ ನರ್ಸಿಂಗ್ ಓದಬೇಕೆಂಬ ಆಸೆ ನನಗಿದೆ. ನಾಳೆ ನಾನು ಕೆಲಸ ಮಾಡುವ ವಾರ್ಡಿನಲ್ಲಿ ಇಂಥ ಯಂತ್ರಗಳು ಇದ್ದೇ ಇರುತ್ತವೆ. ಹಾಗಾಗಿ ಈ ಪ್ರಶ್ನೆ ನನ್ನದೂ ಹೌದು.

ರೋಬೋಟ್ ಎಂದರೆ ಏನು?

'ರೋಬೋಟ್' ಎಂಬ ಪದ ಬಂದಿದ್ದು ಪ್ರಯೋಗಾಲಯದಿಂದಲ್ಲ, ನಾಟಕದಿಂದ. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕದಲ್ಲಿ ಅದು ಮೊದಲು ಬಳಕೆಯಾಯಿತು. ಚೆಕ್ ಭಾಷೆಯ 'ರೊಬೊಟಾ' ಎಂದರೆ ಬಿಟ್ಟಿ ದುಡಿಮೆ. ಆದರೆ ಮನುಷ್ಯನ ಕೆಲಸವನ್ನು ತಾನೇ ಮಾಡುವ ಯಂತ್ರದ ಕಲ್ಪನೆ ಇದಕ್ಕಿಂತ ಬಹಳ ಹಳೆಯದು. ಇಂದಿನ ಟರ್ಕಿಯ ದಿಯಾರ್‌ಬಕಿರ್‌ನಲ್ಲಿದ್ದ ಅಲ್ ಜಝರಿ ಎಂಬ ತಂತ್ರಜ್ಞ 1206ರಲ್ಲಿ ಮುಗಿಸಿದ ಯಂತ್ರಗಳ ಗ್ರಂಥದಲ್ಲಿ, ವುಝೂ ಮಾಡಲು ಕೈಗೆ ನೀರು ಸುರಿಯುವ ಬೊಂಬೆಯ ಚಿತ್ರ ಮತ್ತು ಅದನ್ನು ತಯಾರಿಸುವ ವಿವರ ಇದೆ.

ಇಂದು ಆಸ್ಪತ್ರೆಗಳಲ್ಲಿ ಕಾಣುವ ಯಂತ್ರಗಳನ್ನು ಅರ್ಥಮಾಡಿಕೊಳ್ಳಲು ಮೂರು ಗುಂಪು ಮಾಡಬಹುದು.

ಮೊದಲನೆಯದು, ಹೊರುವ ಮತ್ತು ಓಡಾಡುವ ರೋಬೋಟ್. ಕೋವಿಡ್ ಸಮಯದಲ್ಲಿ, 2020ರ ಏಪ್ರಿಲ್‌ನಲ್ಲಿ, ಕೇರಳದ ಎರ್ನಾಕುಳಂ ಸರಕಾರಿ ಮೆಡಿಕಲ್ ಕಾಲೇಜಿನಲ್ಲಿ 'ಕರ್ಮಿ ಬಾಟ್' ಎಂಬ ಯಂತ್ರ ಸೋಂಕಿತರ ವಾರ್ಡಿಗೆ ಊಟ, ಔಷಧಿ ಕೊಂಡೊಯ್ಯುತ್ತಿತ್ತು. ಅದು ಸುಮಾರು 25 ಕೆ.ಜಿ. ಹೊರಬಲ್ಲದು. ಅದೇ ವರ್ಷ ಬೆಂಗಳೂರಿನ ಫೋರ್ಟಿಸ್ ಆಸ್ಪತ್ರೆಯಲ್ಲಿ 'ಮಿತ್ರ' ಎಂಬ ರೋಬೋಟ್ ಒಳಬರುವವರ ಜ್ವರ ಪರೀಕ್ಷಿಸುತ್ತಿತ್ತು. 'ಮಿತ್ರ' ಬೆಂಗಳೂರಿನ ಕಂಪನಿಯೇ ತಯಾರಿಸಿದ ಯಂತ್ರ.

ಎರಡನೆಯದು, ಶಸ್ತ್ರಚಿಕಿತ್ಸೆಯ ರೋಬೋಟ್. ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ಒಪ್ಪಿಗೆ ಪಡೆದ 'ದ ವಿಂಚಿ' ಇವುಗಳಲ್ಲಿ ಹೆಚ್ಚು ಹೆಸರಾದದ್ದು. ನಮ್ಮ ದೇಶದಲ್ಲೇ ತಯಾರಾದ 'ಎಸ್‌ಎಸ್‌ಐ ಮಂತ್ರ' ಕೂಡ ಈಗ ಬಳಕೆಯಲ್ಲಿದೆ. ಇವು ತಾವಾಗಿಯೇ ಏನನ್ನೂ ಕೊಯ್ಯುವುದಿಲ್ಲ. ಡಾಕ್ಟರು ಪಕ್ಕದ ಕನ್ಸೋಲಿನಲ್ಲಿ ಕುಳಿತು ಕೈ ಆಡಿಸಿದಂತೆ ಯಂತ್ರದ ತೋಳು ಆಡುತ್ತದೆ. ಕೈ ನಡುಕ ಇರುವುದಿಲ್ಲ, ಸಣ್ಣ ರಂಧ್ರದಿಂದ ಒಳಗೆ ಹೋಗುತ್ತದೆ, ಅಷ್ಟೆ. ಮಂಡಿ ಕೀಲಿನ ಯಂತ್ರಗಳು ಸ್ವಲ್ಪ ಬೇರೆ. ಕೆಲವು ಡಾಕ್ಟರ ಕೈ ಗುರುತು ಹಾಕಿದ ಗೆರೆ ದಾಟದಂತೆ ತಡೆಯುತ್ತವೆ. ಇನ್ನು ಕೆಲವು, ಡಾಕ್ಟರು ಮೊದಲೇ ಮಾಡಿಕೊಟ್ಟ ಯೋಜನೆಯಂತೆ ಮೂಳೆಯನ್ನು ತಾವೇ ಕೊರೆಯುತ್ತವೆ.

ಮೂರನೆಯದು, ದೇಹವಿಲ್ಲದ ಬುದ್ಧಿ, ಅಂದರೆ ಸಾಫ್ಟ್‌ವೇರ್. ಎದೆಯ ಎಕ್ಸ್‌ರೇ ನೋಡಿ ಕ್ಷಯದ ಲಕ್ಷಣ ಇದೆಯೇ ಎಂದು ಹೇಳುವ ಸಾಫ್ಟ್‌ವೇರನ್ನು 15 ವರ್ಷ ಮೇಲ್ಪಟ್ಟವರ ತಪಾಸಣೆಗೆ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶಿಫಾರಸು ಮಾಡಿತು.

ಎರಡನೆಯದೂ ಮೂರನೆಯದೂ ಈಗ ಹತ್ತಿರವಾಗುತ್ತಿವೆ. 2022ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ 'ಸ್ಟಾರ್' ಎಂಬ ರೋಬೋಟ್ ಹಂದಿಯ ಕರುಳಿನ ಎರಡು ತುದಿಗಳನ್ನು ಮನುಷ್ಯನ ಕೈ ಸಹಾಯವಿಲ್ಲದೆ ಹೊಲಿದ ವರದಿ ಪ್ರಕಟವಾಯಿತು. ವಲ್ಯುಮ್ಮನ ಪ್ರಶ್ನೆ ಇಂದಿಗಿಂತ ನಾಳೆ ಇನ್ನೂ ದೊಡ್ಡದಾಗುತ್ತದೆ ಎಂದು ನಾನು ಹೇಳುವುದು ಇದಕ್ಕಾಗಿಯೇ.

ನಿಯಂತ್ರಣ ಏಕೆ ಬೇಕು?

ಕ್ರಿ.ಶ. 931ರಲ್ಲಿ ಬಗ್ದಾದಿನಲ್ಲಿ ವೈದ್ಯನೊಬ್ಬನ ತಪ್ಪಿನಿಂದ ರೋಗಿ ಸತ್ತ ಸುದ್ದಿ ಖಲೀಫ ಅಲ್ ಮುಕ್ತದಿರ್ ಅವರಿಗೆ ತಲುಪಿತು. ಇನ್ನು ಮುಂದೆ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಯಾರೂ ವೈದ್ಯ ವೃತ್ತಿ ಮಾಡಕೂಡದು ಎಂದು ಅವರು ಆಜ್ಞೆ ಹೊರಡಿಸಿ, ಹಿರಿಯ ವೈದ್ಯ ಸಿನಾನ್ ಬಿನ್ ಸಾಬಿತ್ ಅವರಿಗೆ ಪರೀಕ್ಷೆಯ ಹೊಣೆ ಕೊಟ್ಟರು. ಎಂಟುನೂರಕ್ಕೂ ಹೆಚ್ಚು ವೈದ್ಯರು ಪರೀಕ್ಷೆಗೆ ಒಳಪಟ್ಟರೆಂದು ಇತಿಹಾಸಕಾರರು ಬರೆದಿದ್ದಾರೆ. ಸಾವಿರ ವರ್ಷದ ಹಿಂದೆಯೇ ಜನರಿಗೆ ಗೊತ್ತಿದ್ದ ಮಾತು ಇದು: ಇನ್ನೊಬ್ಬರ ದೇಹದ ಮೇಲೆ ಕೈ ಇಡುವವರಿಗೆ ಮೊದಲು ಪರೀಕ್ಷೆ ಆಗಬೇಕು, ಆಮೇಲೆ ಹೊಣೆಯೂ ಇರಬೇಕು.

ಯಂತ್ರಕ್ಕೂ ಇದು ಏಕೆ ಬೇಕು ಎಂಬುದಕ್ಕೆ 'ಥೆರಾಕ್ 25' ಉದಾಹರಣೆ. ಅದು ಕೆನಡಾದಲ್ಲಿ ತಯಾರಾದ, ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಕೊಡುವ ಯಂತ್ರ. 1985ರಿಂದ 1987ರ ನಡುವೆ ಆರು ಮಂದಿಗೆ ಅದು ಕೊಡಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ವಿಕಿರಣ ಕೊಟ್ಟಿತು. ಕೆಲವರು ಸತ್ತರು. ಹಳೆಯ ಮಾದರಿಗಳಲ್ಲಿ ಅಪಾಯವಾದಾಗ ತಡೆಯುವ ಯಾಂತ್ರಿಕ ಬೀಗ ಇತ್ತು. ಹೊಸದರಲ್ಲಿ ಅದನ್ನು ತೆಗೆದು ಎಲ್ಲವನ್ನೂ ಸಾಫ್ಟ್‌ವೇರಿಗೆ ಒಪ್ಪಿಸಿದ್ದರು. ಪರದೆಯ ಮೇಲೆ 'ದೋಷ 54' ಎಂದು ಬರುತ್ತಿತ್ತು, ಆದರೆ ಅದರ ಅರ್ಥ ನಡೆಸುವವರಿಗೆ ಯಾರೂ ಹೇಳಿರಲಿಲ್ಲ. ಅವರು ಗುಂಡಿ ಒತ್ತಿ ಮುಂದುವರಿಯುತ್ತಿದ್ದರು. ರೋಗಿಗಳು ಸುಟ್ಟಂತಾಯಿತು ಎಂದು ಹೇಳಿದರೂ ಕಂಪನಿ ಮೊದಲು ನಂಬಲಿಲ್ಲ. "ಯಂತ್ರ ತಪ್ಪು ಮಾಡುವುದಿಲ್ಲ" ಎಂಬ ನಂಬಿಕೆಯೇ ಅಲ್ಲಿ ದೊಡ್ಡ ತಪ್ಪಾಯಿತು.

ಇನ್ನೊಂದು ಕಾರಣ, ಹೊಸದೆಲ್ಲವೂ ಉತ್ತಮ ಎಂದಲ್ಲ. ಆರಂಭ ಹಂತದ ಗರ್ಭಕಂಠ ಕ್ಯಾನ್ಸರ್ ಇದ್ದ 631 ಮಹಿಳೆಯರ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಹೊಟ್ಟೆ ತೆರೆದು ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಸಣ್ಣ ರಂಧ್ರದ ಮೂಲಕ. ಎರಡನೆಯ ಗುಂಪಿನಲ್ಲಿ ಹೆಚ್ಚಿನವರಿಗೆ ಲ್ಯಾಪರೋಸ್ಕೋಪಿ, ಕೆಲವರಿಗೆ ರೋಬೋಟ್. ನಾಲ್ಕೂವರೆ ವರ್ಷದ ಲೆಕ್ಕದಲ್ಲಿ ರೋಗ ಮರುಕಳಿಸದೆ ಬದುಕಿದ್ದವರು ಹಳೆಯ ವಿಧಾನದಲ್ಲಿ ಶೇ. 96.5, ಹೊಸದರಲ್ಲಿ ಶೇ. 86. ಎಲ್ಲರೂ ಊಹಿಸಿದ್ದಕ್ಕೆ ಇದು ವಿರುದ್ಧವಾಗಿತ್ತು.

ಮಂಡಿಯ ವಿಷಯದಲ್ಲೂ ಹೀಗೆಯೇ. ದಕ್ಷಿಣ ಕೊರಿಯಾದಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಕನಿಷ್ಠ ಹತ್ತು ವರ್ಷ ಗಮನಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ನೋವು, ನಡಿಗೆ, ಕೀಲಿನ ಬಾಳಿಕೆ ಯಾವುದರಲ್ಲೂ ರೋಬೋಟಿಗೂ ಸಾಮಾನ್ಯ ವಿಧಾನಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಅಲ್ಲಿ ಕಾಣಲಿಲ್ಲ. ಆ ಅಧ್ಯಯನದ ಯಂತ್ರ ಹಳೆಯ ಮಾದರಿಯದು. ಹೊಸ ಯಂತ್ರಗಳು ಮೂಳೆಯನ್ನು ಹೆಚ್ಚು ನಿಖರವಾಗಿ ಕತ್ತರಿಸುತ್ತವೆ ಎಂಬುದೂ ನಿಜ. ಆದರೆ ನಿಖರವಾದ ಕತ್ತರಿಕೆ ಬೇರೆ, ರೋಗಿಗೆ ಆಗುವ ಲಾಭ ಬೇರೆ. ಕೌಂಟರಿನಲ್ಲಿ ನಮಗೆ ಮೊದಲನೆಯದನ್ನು ತೋರಿಸಿ ಎರಡನೆಯದರ ಹೆಸರಿನಲ್ಲಿ ಹಣ ಕೇಳಿದ್ದರು.

ನಮ್ಮ ದೇಶದ ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ ರೋಬೋಟಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಆದರೆ ಕಾನೂನೇ ಇಲ್ಲ ಎನ್ನುವುದು ತಪ್ಪು. ಬೇರೆ ಬೇರೆ ಕಡೆ ಚದುರಿರುವ ನಿಯಮಗಳನ್ನು ಒಟ್ಟಿಗೆ ಇಟ್ಟು ನೋಡಬೇಕು.

ಯಂತ್ರಕ್ಕೆ ಪರೀಕ್ಷೆ: ವೈದ್ಯಕೀಯ ಸಾಧನಗಳ ನಿಯಮ 2017 ಎಂಬುದು 2018ರ ಜನವರಿ 1ರಿಂದ ಜಾರಿಯಲ್ಲಿದೆ. ಇದು ಸಾಧನಗಳನ್ನು ಅಪಾಯಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ ಮಾಡುತ್ತದೆ. ನಾಲಿಗೆ ಒತ್ತಿ ಗಂಟಲು ನೋಡುವ ಪಟ್ಟಿ 'ಎ' ವರ್ಗ, ಹೃದಯದ ಕೃತಕ ಕವಾಟ 'ಡಿ' ವರ್ಗ. ಸಿ ಮತ್ತು ಡಿ ವರ್ಗದ ಸಾಧನ ತಯಾರಿಸಲು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಪರವಾನಗಿ ಬೇಕು. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ, ಚಿಕಿತ್ಸೆಗಾಗಿ ಬಳಸುವ ಸಾಫ್ಟ್‌ವೇರ್ ಕೂಡ, 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಡಿ 'ಔಷಧ' ಎಂದೇ ಲೆಕ್ಕ. ಅಂದರೆ ಒಂದು ಮಾತ್ರೆಗೆ ಇರುವಂತೆ ರೋಬೋಟಿಗೂ ಕಾನೂನಿನ ಕಡಿವಾಣ ಇದೆ.

ಔಷಧಿ ಬರೆಯುವ ಅಧಿಕಾರ: 2020ರ ಮಾರ್ಚ್ 25ರಂದು ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಕೃತಕ ಬುದ್ಧಿಮತ್ತೆ ರೋಗಿಗೆ ತಾನೇ ಸಲಹೆ ಕೊಡುವಂತಿಲ್ಲ, ಔಷಧಿ ಬರೆಯುವಂತಿಲ್ಲ. ಡಾಕ್ಟರಿಗೆ ಸಹಾಯ ಮಾಡಬಹುದು, ಕೊನೆಯ ನಿರ್ಧಾರ ನೋಂದಾಯಿತ ಡಾಕ್ಟರದೇ. ಐಸಿಎಂಆರ್ 2023ರಲ್ಲಿ ಕೃತಕ ಬುದ್ಧಿಮತ್ತೆಯ ಬಗ್ಗೆ ಹೊರಡಿಸಿದ ನೈತಿಕ ಮಾರ್ಗಸೂಚಿಯೂ ಮನುಷ್ಯನ ಮೇಲ್ವಿಚಾರಣೆ ಇರಲೇಬೇಕು ಎನ್ನುತ್ತದೆ.

ಒಪ್ಪಿಗೆ: ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರಲ್ಲಿ, ಚಿಕಿತ್ಸೆ ಏನು, ಬೇರೆ ದಾರಿ ಇದೆಯೇ, ಅಪಾಯ ಏನು ಎಂಬುದನ್ನು ರೋಗಿಗೆ ತಿಳಿಸಿ ಪಡೆದ ಒಪ್ಪಿಗೆಯೇ ನಿಜವಾದ ಒಪ್ಪಿಗೆ ಎಂದು ಹೇಳಿದೆ. ಉಪ್ಪ ಓದಲಾಗದ ಫಾರಂ ಮೇಲಿನ ಸಹಿ ಈ ಮಾತಿಗೆ ಎಷ್ಟು ಹೊಂದುತ್ತದೆ ಎಂದು ನೀವೇ ಯೋಚಿಸಿ.

ದೂರು: ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ 'ಉತ್ಪನ್ನ ಹೊಣೆಗಾರಿಕೆ' ಎಂಬ ಹೊಸ ಅಧ್ಯಾಯ ಇದೆ. ಯಂತ್ರದ ವಿನ್ಯಾಸದಲ್ಲಿ ಅಥವಾ ತಯಾರಿಕೆಯಲ್ಲಿ ದೋಷವಿದ್ದರೆ, ಬಳಸುವ ಸೂಚನೆ ಸರಿಯಾಗಿ ಕೊಡದಿದ್ದರೆ, ತಯಾರಕರು ಪರಿಹಾರ ಕೊಡಬೇಕು. ಹಣ ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿಗೆ ಒಳಪಡುತ್ತದೆ ಎಂದು ಸುಪ್ರೀಂ ಕೋರ್ಟು 1995ರಲ್ಲೇ ತೀರ್ಪು ನೀಡಿತ್ತು. ನಮಗೆ ಮುಖ್ಯವಾದ ಒಂದು ಅಂಶ: ಆಸ್ಪತ್ರೆ ಮೈಸೂರಿನಲ್ಲಿದ್ದರೂ ಮಂಗಳೂರಿನಲ್ಲಿದ್ದರೂ ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಅಂದರೆ ಮಡಿಕೇರಿಯಲ್ಲೇ ಸಾಧ್ಯ. ಘಟನೆ ನಡೆದ ಎರಡು ವರ್ಷದೊಳಗೆ ಕೊಡಬೇಕು. ಇದಲ್ಲದೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಕುಂದುಕೊರತೆ ಪ್ರಾಧಿಕಾರ ಇದೆ.

ದೋಷದ ವರದಿ: ವೈದ್ಯಕೀಯ ಸಾಧನಗಳಿಂದಾದ ತೊಂದರೆ ದಾಖಲಿಸಲು 2015ರ ಜುಲೈ 6ರಿಂದ 'ಮೆಟೀರಿಯೋವಿಜಿಲೆನ್ಸ್' ಎಂಬ ರಾಷ್ಟ್ರೀಯ ಕಾರ್ಯಕ್ರಮ ನಡೆಯುತ್ತಿದೆ. ಡಾಕ್ಟರು, ನರ್ಸ್ ಮಾತ್ರವಲ್ಲ, ರೋಗಿಯೂ ವರದಿ ಮಾಡಬಹುದು. ಥೆರಾಕ್ ಪ್ರಕರಣದಲ್ಲಿ ಮೊದಲ ರೋಗಿಯ ಮಾತನ್ನು ಕೇಳಿದ್ದರೆ ಕೊನೆಯವರು ಉಳಿಯುತ್ತಿದ್ದರು.

ಎಲ್ಲಿ ಕೊರತೆ ಇದೆ?

ಮೊದಲನೆಯದು ಬೆಲೆ. 2017ರ ಆಗಸ್ಟಿನಲ್ಲಿ ಕೇಂದ್ರ ಸರಕಾರದ ಔಷಧ ಬೆಲೆ ಪ್ರಾಧಿಕಾರ ಮಂಡಿಯ ಕೃತಕ ಕೀಲಿಗೆ ಗರಿಷ್ಠ ಬೆಲೆ ಕಟ್ಟಿತು. ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ತೆರಿಗೆ ಬಿಟ್ಟು 54,720 ರೂಪಾಯಿ. ಇದರಿಂದ ಸಾವಿರಾರು ಕುಟುಂಬಗಳಿಗೆ ಉಪಕಾರವಾಯಿತು. ಆದರೆ ಆ ಆದೇಶ ದೇಹದೊಳಗೆ ಇಡುವ ಕೀಲಿಗೆ ಮಾತ್ರ. ಹೊರಗೆ ನಿಂತು ಕೊರೆಯುವ ರೋಬೋಟಿನ ಶುಲ್ಕ ಅದರಲ್ಲಿ ಬರುವುದಿಲ್ಲ. ಆರೋಗ್ಯ ವಿಮೆಯಲ್ಲಿ ರೋಬೋಟಿಕ್ ಶಸ್ತ್ರಚಿಕಿತ್ಸೆಯನ್ನು ಹೊರಗಿಡಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೇಳಿದೆ, ಆದರೆ ಕಂಪನಿಗಳು ಅದಕ್ಕೆ ಮಿತಿ ಹಾಕಬಹುದು. ಪಾಲಿಸಿಯನ್ನು ಓದದೆ ನಂಬುವಂತಿಲ್ಲ.

ಎರಡನೆಯದು ದೂರ. 2001ರ ಸೆಪ್ಟೆಂಬರ್ 7ರಂದು ನ್ಯೂಯಾರ್ಕಿನಲ್ಲಿ ಕುಳಿತ ಡಾ. ಜಾಕ್ ಮಾರೆಸ್ಕೋ ಅವರು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿದ್ದ ಮಹಿಳೆಯ ಪಿತ್ತಕೋಶವನ್ನು ರೋಬೋಟ್ ಮೂಲಕ ತೆಗೆದರು. 2025ರ ಜನವರಿಯಲ್ಲಿ ಗುರುಗ್ರಾಮದಿಂದ ಸುಮಾರು 286 ಕಿ.ಮೀ. ದೂರದ ಜೈಪುರದ ರೋಗಿಗೆ ಹೀಗೆಯೇ ಹೃದಯದ ಶಸ್ತ್ರಚಿಕಿತ್ಸೆ ನಡೆಯಿತು. ಇದನ್ನು ಓದಿದಾಗ ನನಗೆ ಕೊಡಗೇ ನೆನಪಾಯಿತು. ಮಡಿಕೇರಿಯಲ್ಲಿ 2016ರಲ್ಲಿ ಸರಕಾರಿ ಮೆಡಿಕಲ್ ಕಾಲೇಜು ಆರಂಭವಾಗಿದ್ದರೂ ದೊಡ್ಡ ಕಾಯಿಲೆ ಎಂದರೆ ಮೈಸೂರಿಗೋ ಮಂಗಳೂರಿಗೋ ಆಂಬುಲೆನ್ಸ್ ಹಿಡಿಯುವವರು ನಾವು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಂಗಳೂರು ರಸ್ತೆಯೇ ಮುಚ್ಚಿಹೋದಾಗ ರೋಗಿಗಳ ಪಾಡು ಏನಾಯಿತೆಂದು ಮನೆಯಲ್ಲಿ ಹಿರಿಯರು ಇಂದಿಗೂ ಹೇಳುತ್ತಾರೆ. ದೂರದ ಡಾಕ್ಟರ ಕೈ ಇಲ್ಲಿಗೇ ಬರುವುದಾದರೆ ನಮಗಿಂತ ಹೆಚ್ಚು ಸಂತೋಷ ಯಾರಿಗೆ? ಆದರೆ ಜುಲೈ ತಿಂಗಳಲ್ಲಿ ನಮ್ಮ ಮನೆಯಲ್ಲಿ ಮೂರು ದಿನ ಕರೆಂಟ್ ಇರುವುದಿಲ್ಲ, ಫೋನ್ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಬೇಕು. ಶಸ್ತ್ರಚಿಕಿತ್ಸೆಯ ಮಧ್ಯೆ ಸಂಪರ್ಕ ಕಡಿದರೆ ರೋಗಿಯ ಪಕ್ಕದಲ್ಲೇ ಕೆಲಸ ಮುಂದುವರಿಸಬಲ್ಲ ಡಾಕ್ಟರು ನಿಂತಿರಬೇಕು. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ದೂರದ ಶಸ್ತ್ರಚಿಕಿತ್ಸೆಯನ್ನು ಒಳಗೊಂಡಿಲ್ಲ. ಅದಕ್ಕೆ ಸ್ಪಷ್ಟ ನಿಯಮ ಬರಬೇಕು, ಆ ನಿಯಮ ಬರೆಯುವವರು ಮಲೆನಾಡಿನ ಮಳೆಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸಮಾಜದ ಮೇಲೆ ಪರಿಣಾಮ

ನಮ್ಮ ಕಾಲೇಜಿನಿಂದ ಪ್ರತಿ ವರ್ಷ ಎಷ್ಟೋ ಹುಡುಗಿಯರು ನರ್ಸಿಂಗ್ ಓದಲು ಹೋಗುತ್ತಾರೆ. "ರೋಬೋಟ್ ಬಂದರೆ ನಮಗೆ ಕೆಲಸ ಇರುತ್ತದಾ?" ಎಂದು ನನ್ನ ಗೆಳತಿ ಕೇಳಿದಳು. ಕರ್ಮಿ ಬಾಟ್ ಊಟದ ತಟ್ಟೆ ಹೊತ್ತಾಗ ನರ್ಸುಗಳಿಗೆ ಸೋಂಕಿನ ಭಯ ಕಡಿಮೆಯಾಯಿತು. ಅದು ಒಳ್ಳೆಯದೇ. ಹೊರುವ, ಎಣಿಸುವ, ಬರೆದಿಡುವ ಕೆಲಸ ಯಂತ್ರಕ್ಕೆ ಹೋಗಬಹುದು. ಆದರೆ ಶಸ್ತ್ರಚಿಕಿತ್ಸೆಯ ಮರುದಿನ ನೋವಿನಿಂದ ಅಳುತ್ತಿದ್ದ ವಲ್ಯುಮ್ಮನ ಕೈ ಹಿಡಿದು, ಅವರಿಗೆ ಅರ್ಥವಾಗುವ ಭಾಷೆಯಲ್ಲಿ "ಇನ್ನೊಂದು ಹೆಜ್ಜೆ ಇಡಿ ಉಮ್ಮಾ" ಎಂದು ನಡೆಸಿದ್ದು ಒಬ್ಬ ನರ್ಸ್. ಯಂತ್ರದಿಂದ ಉಳಿದ ಸಮಯವನ್ನು ಆಸ್ಪತ್ರೆಗಳು ಇಂಥ ಆರೈಕೆಗೆ ಕೊಡುತ್ತವೆಯೋ, ನರ್ಸುಗಳ ಸಂಖ್ಯೆ ಕಡಿಮೆ ಮಾಡುತ್ತವೆಯೋ ಎಂಬುದೇ ಪ್ರಶ್ನೆ. ಅದನ್ನು ಯಂತ್ರ ನಿರ್ಧರಿಸುವುದಿಲ್ಲ, ಮನುಷ್ಯರು ನಿರ್ಧರಿಸುತ್ತಾರೆ.

ಇನ್ನೊಂದು ಪರಿಣಾಮ ಅಸಮಾನತೆ. ರೋಬೋಟ್ ದುಡ್ಡಿದ್ದವರ ಚಿಕಿತ್ಸೆ, ಮನುಷ್ಯನ ಕೈ ಬಡವರ ಚಿಕಿತ್ಸೆ ಎಂಬ ಭಾವನೆ ಈಗಾಗಲೇ ಬೆಳೆಯುತ್ತಿದೆ. ಅಮ್ಮನಿಗೆ ರೋಬೋಟ್ ಮಾಡಿಸಲಾಗಲಿಲ್ಲ ಎಂದು ಮಕ್ಕಳು ಕೊರಗುವಂತಾಗಬಾರದು. ನಿಜವಾಗಿ ಉಪಯೋಗವಿರುವಲ್ಲಿ ಅದು ಸರಕಾರಿ ಆಸ್ಪತ್ರೆಗೂ ಬರಬೇಕು. ಉಪಯೋಗ ಸಾಬೀತಾಗದ ಕಡೆ ಅದರ ಹೆಸರಿನಲ್ಲಿ ಸಾಲ ಮಾಡಿಸಬಾರದು.

ವಲ್ಯುಮ್ಮನ ಪ್ರಶ್ನೆಗೆ ಉತ್ತರ

ಅಂದು ಉಪ್ಪ ಸಹಿ ಮಾಡಲಿಲ್ಲ. ಮತ್ತೆ ಮೇಲೆ ಹೋಗಿ ಡಾಕ್ಟರನ್ನೇ ಕೇಳಿದೆವು. ಅವರು ಕೂರಿಸಿ ಕನ್ನಡದಲ್ಲಿ ವಿವರಿಸಿದರು. "ಎರಡರಲ್ಲೂ ಶಸ್ತ್ರಚಿಕಿತ್ಸೆ ಮಾಡುವವನು ನಾನೇ. ನಿಮ್ಮ ತಾಯಿಯ ಮಂಡಿಗೆ ಸಾಮಾನ್ಯ ವಿಧಾನ ಸಾಕು. ತಪ್ಪಾದರೆ ಕೇಳಬೇಕಾದ್ದೂ ನನ್ನನ್ನೇ" ಎಂದರು. ಆ ಕೊನೆಯ ಮಾತಿನಿಂದ ವಲ್ಯುಮ್ಮನಿಗೆ ಧೈರ್ಯ ಬಂತು. ಸಾಮಾನ್ಯ ವಿಧಾನದಲ್ಲೇ ಮಾಡಿಸಿದೆವು. ಈಗ ಅವರು ಅಡುಗೆಮನೆಯ ಮೆಟ್ಟಿಲು ಇಳಿದು ಕೋಳಿಗಳಿಗೆ ಕಾಳು ಹಾಕುತ್ತಾರೆ. ರೋಬೋಟ್ ಬೇಡ ಎಂದು ಇದರ ಅರ್ಥವಲ್ಲ. ಇನ್ನೊಬ್ಬ ರೋಗಿಗೆ, ಇನ್ನೊಂದು ಕಾಯಿಲೆಗೆ ಅದೇ ಸರಿಯಾದ ದಾರಿ ಇರಬಹುದು.

ನಿಮ್ಮ ಮನೆಯವರಿಗೂ ಒಂದು ದಿನ ಇಂಥ ಹಾಳೆ ಎದುರಾಗಬಹುದು. ಆಗ ಈ ಐದು ಪ್ರಶ್ನೆ ಕೇಳಿ:

1. ಯಂತ್ರ ಯಾವ ಕೆಲಸ ಮಾಡುತ್ತದೆ, ಡಾಕ್ಟರು ಯಾವ ಕೆಲಸ ಮಾಡುತ್ತಾರೆ?
2. ಈ ಡಾಕ್ಟರು ಈ ಯಂತ್ರದಲ್ಲಿ ಇದುವರೆಗೆ ಎಷ್ಟು ಶಸ್ತ್ರಚಿಕಿತ್ಸೆ ಮಾಡಿದ್ದಾರೆ?
3. ಈ ಕಾಯಿಲೆಗೆ ಸಾಮಾನ್ಯ ವಿಧಾನಕ್ಕಿಂತ ಇದರಿಂದ ಹೆಚ್ಚು ಲಾಭ ಏನು?
4. ಹೆಚ್ಚುವರಿ ಹಣ ಯಾವುದಕ್ಕೆ, ಬಿಲ್ಲಿನಲ್ಲಿ ಅದನ್ನು ಬೇರೆಯಾಗಿ ತೋರಿಸುತ್ತೀರಾ?
5. ಮಧ್ಯದಲ್ಲಿ ಯಂತ್ರ ಕೆಟ್ಟರೆ ಏನು ಮಾಡುತ್ತೀರಿ, ಹೊಣೆ ಯಾರದು?

ಉತ್ತರ ಕನ್ನಡದಲ್ಲಿ ಬೇಕೆಂದು ಕೇಳಿ, ಸಂಕೋಚ ಬೇಡ. ಯಂತ್ರಕ್ಕೆ ಕೈ ಇರಬಹುದು, ಉತ್ತರ ಹೇಳುವ ಬಾಯಿ ಇಲ್ಲ. ಆದ್ದರಿಂದ ಪ್ರತಿಯೊಂದು ರೋಬೋಟಿನ ಹಿಂದೆ ಹೆಸರು ಹೇಳಿ ಹೊಣೆ ಹೊರುವ ಮನುಷ್ಯ ಇರಲೇಬೇಕು. ಕಾನೂನಿನ ಕೆಲಸ ಅದನ್ನು ಖಚಿತಪಡಿಸುವುದು, ವಿದ್ಯಾವಂತರಾದ ನಮ್ಮ ಕೆಲಸ ಮನೆಯ ಹಿರಿಯರ ಪರವಾಗಿ ಅದನ್ನು ಕೇಳುವುದು.